ಮಂದ್ರದವನ ಕೈಯಲ್ಲಿ ಕಾಲ

ತೇನಿಯ ಪಕ್ಕದ ವೀರಪಾಂಡಿಯಲ್ಲಿ ಚಿತ್ತಿರೈ ತಿಂಗಳು ಗೌಮಾರಿಯಮ್ಮನ ಜಾತ್ರೆ. ಪೆರಿಯಕುಳಂ, ಬೋಡಿ, ಕಂಬಂ ಕಡೆಯ ಜನವೆಲ್ಲ ಮುಲ್ಲೈ ಹೊಳೆಯ ದಡಕ್ಕೆ ಬಂದು ಸೇರುವ ಆ ದಿನಗಳಲ್ಲಿ ನೈಯಾಂಡಿ ಮೇಳದವರಿಗೆ ಪುರುಸೊತ್ತಿರುವುದಿಲ್ಲ. ಎರಡು ನಾಗಸ್ವರ, ಎರಡು ತವಿಲ್, ಜತೆಗೆ ಪಂಬೈ, ತಮುಕ್ಕು, ತಾಳ. ನಮ್ಮ ಓಲಗದವರನ್ನು ಕಂಡವರಿಗೆ ಹೊಸದೇನಲ್ಲ. ಆದರೆ ಇವರು ದೇವರಿಗಿಂತ ಹೆಚ್ಚಾಗಿ ಕರಗ ಹೊತ್ತವರ ಹೆಜ್ಜೆಗೆ ನುಡಿಸುತ್ತಾರೆ, ಹಾಗಾಗಿ ಯಾವಾಗ ಏನು ಬರುತ್ತದೆಂದು ಯಾರಿಗೂ ಮುಂಚಿತವಾಗಿ ಗೊತ್ತಿಲ್ಲ. ನಾಗಸ್ವರದವನು ಒಂದು ಸಂಗತಿಯನ್ನು ಎಳೆಯುತ್ತಾನೆ, ಮತ್ತೊಮ್ಮೆ ಎಳೆಯುತ್ತಾನೆ, ಮೂರನೆಯ ಸಲ ನಡುವೆಯೇ ಕತ್ತರಿಸುತ್ತಾನೆ. ತವಿಲ್‌ನವನು ಅದೇ ಏಟಿಗೆ ಬಂದು ನಿಂತಿರುತ್ತಾನೆ. ಎದುರಿಗೆ ಬರೆದ ಹಾಳೆಯಿಲ್ಲ, ಕೈಸನ್ನೆಯಿಲ್ಲ, ಬಹಳ ಸಲ ಒಬ್ಬರ ಮುಖ ಒಬ್ಬರಿಗೆ ಕಾಣಿಸುವುದೂ ಇಲ್ಲ.

ಇಲ್ಲಿ ಒಂದು ಲೆಕ್ಕ ತಾಳೆಯಾಗುವುದಿಲ್ಲ. ಸದ್ದು ಕೇಳಿದ ಕೂಡಲೇ ಬೆರಳು ಒತ್ತು ಎಂದು ಎಂಥ ಚುರುಕಿನ ಆಳಿಗೆ ಹೇಳಿದರೂ ಸುಮಾರು 150 ಮಿಲಿಸೆಕೆಂಡ್ ಹಿಡಿಯುತ್ತದೆ. ಕಿವಿಯಿಂದ ಮಿದುಳಿಗೆ, ಮಿದುಳಿನಿಂದ ಬೆನ್ನುಹುರಿಗೆ, ಅಲ್ಲಿಂದ ಸ್ನಾಯುವಿಗೆ ಸುದ್ದಿ ಹೋಗುವುದಕ್ಕೆ ಅಷ್ಟು ಬೇಕೇ ಬೇಕು. ಅಭ್ಯಾಸದಿಂದ ಅದನ್ನು ಬಹಳ ಕುಗ್ಗಿಸಲಾಗದು. ಆದರೆ ಜತೆಯಾಗಿ ನುಡಿಸುವ ನುರಿತ ವಾದಕರ ಸ್ವರಗಳು ಒಂದರಿಂದೊಂದು ಎಷ್ಟು ಆಚೀಚೆ ಬೀಳುತ್ತವೆ ಎಂದು ಅಳೆದರೆ ಸಿಗುವುದು ಸಾಮಾನ್ಯವಾಗಿ 30ರಿಂದ 50 ಮಿಲಿಸೆಕೆಂಡ್. ಅಂದರೆ ಇವರು ಒಬ್ಬರನ್ನೊಬ್ಬರು ಕೇಳಿ ನುಡಿಸುತ್ತಿಲ್ಲ. ಕೇಳಿ ನುಡಿಸಿದ್ದರೆ ಪ್ರತಿ ಏಟೂ ತಡವಾಗಿ, ಇಡೀ ಮೇಳ ಕುಂಟಬೇಕಿತ್ತು. ಇನ್ನೊಬ್ಬ ಮಾಡುವ ಮೊದಲೇ ಅವನು ಏನು ಮಾಡುತ್ತಾನೆಂದು ಇವನ ಕೈಗೆ ಗೊತ್ತಿರಬೇಕು. ಬರೆದಿಟ್ಟ ಕೃತಿಯಾದರೆ ಸರಿ, ಬಾಯಿಪಾಠ ಇದೆ. ಮನೋಧರ್ಮದಲ್ಲಿ, ಆಡುವವನಿಗೇ ಇನ್ನೂ ನಿಶ್ಚಯವಾಗಿರದ ಸ್ವರವನ್ನು ಪಕ್ಕದವನು ಊಹಿಸುವುದು ಹೇಗೆ?

ಈ ಪ್ರಶ್ನೆಯನ್ನು ಅದರ ಅತ್ಯಂತ ಬೆತ್ತಲೆ ರೂಪದಲ್ಲಿ ನೋಡಬೇಕಾದರೆ ಮೇಳ ದೊಡ್ಡದಾಯಿತು. ಇಬ್ಬರು ಸಾಕು. 1972ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಪ್ಲೇಬಾಯ್ ಕ್ಲಬ್ಬಿನಲ್ಲಿ ಗಿಟಾರಿನ ಜಿಮ್ ಹಾಲ್ ಮತ್ತು ಬೇಸ್‌ನ ರಾನ್ ಕಾರ್ಟರ್ ಕೂತು ನುಡಿಸಿದ್ದು 'ಅಲೋನ್ ಟುಗೆದರ್' ಎಂಬ ತಟ್ಟೆಯಾಗಿ ಬಂತು. ಡ್ರಮ್ ಇಲ್ಲ, ಪಿಯಾನೋ ಇಲ್ಲ. ಕಾಲ ಹಿಡಿಯುವುದಕ್ಕೆ ಮೂರನೆಯವನೇ ಇಲ್ಲ. ಗಿಟಾರ್ ತಂತಿಯನ್ನು ಹಾಲ್ ಎಷ್ಟು ಮೆಲ್ಲಗೆ ಮೀಟುತ್ತಿದ್ದರೆಂದರೆ, ಕ್ಲಬ್ಬಿನ ಗ್ಲಾಸುಗಳ ಸದ್ದು ಅವರೊಂದಿಗೆ ಪೈಪೋಟಿಗೆ ಇಳಿಯುತ್ತದೆ. ಜಾಝ್ ಕೇಳಿ ಅಭ್ಯಾಸವಿಲ್ಲದವರು ಇದನ್ನು ಹಾಕಿಕೊಂಡರೆ ಮೊದಲ ಐದು ನಿಮಿಷ ಗಿಟಾರನ್ನೇ ಹಿಂಬಾಲಿಸುತ್ತಾರೆ. ಮಾತಾಡುತ್ತಿರುವವನು ಅವನೇ ಅನ್ನಿಸುತ್ತದೆ. ಈ ಅಧ್ಯಾಯ ಇನ್ನೊಬ್ಬನ ಪರವಾಗಿ. ಮೇಲಿನ ಸ್ವರಕ್ಕೆ ಎಲ್ಲಿ ಬೇಕಾದರೂ ಹೋಗುವ ಸ್ವಾತಂತ್ರ್ಯ ಕೊಡುವವನು ಮಂದ್ರದಲ್ಲಿ ನಡೆಯುವವನು, ಮತ್ತು ಆ ಅಧಿಕಾರ ಅವನಿಗೆ ಬಂದಿರುವುದು ಸಂಗೀತದ ಸಂಪ್ರದಾಯದಿಂದ ಮಾತ್ರವಲ್ಲ, ನಮ್ಮ ಕಿವಿಯ ಕಟ್ಟಡದಿಂದ.

ತಂತಿಯಿಂದ ಶುರು ಮಾಡೋಣ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸ್‌ನ ನಾಲ್ಕು ತಂತಿಗಳು 41, 55, 73, 98 ಹರ್ಟ್ಸ್. ಅತಿ ಕೆಳಗಿನದು ಗಿಟಾರಿನದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ತಂತಿಯ ಕಂಪನ ಅದರ ಉದ್ದ, ಬಿಗಿ ಮತ್ತು ತೂಕಕ್ಕೆ ಹೇಗೆ ಅಂಟಿಕೊಂಡಿದೆ ಎಂಬುದನ್ನು ಫ್ರಾನ್ಸಿನ ಪಾದ್ರಿ ಮರಾಂ ಮೆರ್ಸೆನ್ 1636ರ ತನ್ನ ಗ್ರಂಥದಲ್ಲೇ ಬರೆದಿಟ್ಟ. ಉದ್ದ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಇಳಿಯುತ್ತದೆ. ಗಿಟಾರಿನ ತಂತಿ ಸುಮಾರು 65 ಸೆಂಟಿಮೀಟರ್. ಹಾಗಾದರೆ ಬೇಸ್‌ನದು 130 ಇರಬೇಕಿತ್ತು. ಅಷ್ಟುದ್ದದ ಕುತ್ತಿಗೆ ಹಿಡಿದು ಬೆರಳು ಆಡಿಸುವುದು ಮನುಷ್ಯರ ಕೆಲಸವಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಎಲೆಕ್ಟ್ರಿಕ್ ಬೇಸ್‌ನಲ್ಲಿ ತಂತಿಯ ಉದ್ದ 34 ಇಂಚು, ಅಂದರೆ ಸುಮಾರು 86 ಸೆಂಟಿಮೀಟರ್. ಉಳಿದ ಇಳಿತವನ್ನು ತಂತಿಗೆ ಲೋಹದ ಸುತ್ತು ಹಾಕಿ, ತೂಕ ಹೆಚ್ಚಿಸಿ ಸಾಧಿಸಿದರು. ನಿಲ್ಲಿಸಿ ನುಡಿಸುವ, ಆಳೆತ್ತರದ ಮರದ ಬೇಸ್‌ನಲ್ಲಿ ತಂತಿ ಒಂದು ಮೀಟರು ದಾಟುತ್ತದೆ. ಆದರೂ ಅದರ ಪೆಟ್ಟಿಗೆ 41 ಹರ್ಟ್ಸ್‌ನ ಸ್ವರವನ್ನು ಹೊರಗೆಸೆಯುವಷ್ಟು ದೊಡ್ಡದಲ್ಲ. ಪೆಟ್ಟಿಗೆಯೊಳಗಿನ ಗಾಳಿಯ ಸ್ವಂತ ಕಂಪನವೇ 60ರ ಆಸುಪಾಸು. ಕೆಳಗಿನ ತಂತಿ ಮೀಟಿದಾಗ ನಮಗೆ ತಲುಪುವುದರಲ್ಲಿ ಮೂಲಸ್ವರಕ್ಕಿಂತ ಅದರ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳೇ ಜಾಸ್ತಿ.

ಆದರೂ ನಮಗೆ ಮಂದ್ರವೇ ಕೇಳಿಸುತ್ತದೆ. ಪೆರಿಯಕುಳಂ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಅಂಗೈಯಗಲದ ಸ್ಪೀಕರಿನಿಂದ ಇಳಯರಾಜಾ ಹಾಡು ಬರುತ್ತಿದೆ ಎಂದುಕೊಳ್ಳಿ. ಅಂಥ ಸ್ಪೀಕರು 150 ಹರ್ಟ್ಸ್‌ಗಿಂತ ಕೆಳಗೆ ಬಾಯಿಯನ್ನೇ ತೆರೆಯುವುದಿಲ್ಲ. ಬೇಸ್‌ನ ಕೆಳತಂತಿಯ 41, 82, 123 ಮೂರೂ ಅದರಲ್ಲಿ ಸತ್ತುಹೋಗಿರುತ್ತವೆ. ಉಳಿಯುವುದು 165, 206, 247, 288. ಈ ಸಾಲಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಪ್ರತಿ ಸಲವೂ 41. ಮಿದುಳು ಆ ಅಂತರದಿಂದ ಮೂಲವನ್ನು ಲೆಕ್ಕ ಹಾಕಿ, ಗಾಳಿಯಲ್ಲಿ ಇಲ್ಲವೇ ಇಲ್ಲದ ಸ್ವರವನ್ನು ನಮಗೆ ಕೇಳಿಸುತ್ತದೆ. ಜರ್ಮನಿಯ ಆಗಸ್ಟ್ ಸೀಬೆಕ್ ತೂತು ಕೊರೆದ ಸೈರನ್ ತಟ್ಟೆ ತಿರುಗಿಸುತ್ತ 1841ರಲ್ಲಿ ಇದನ್ನು ಗಮನಿಸಿದಾಗ ಓಮ್ ಒಪ್ಪಲಿಲ್ಲ. ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಓಮ್! ಇಲ್ಲದ ಕಂಪನ ಕೇಳಿಸುವುದು ಬರೀ ಭ್ರಮೆ ಎಂದು ವಾದಿಸಿದ. ಒಂದು ರೀತಿಯಲ್ಲಿ ಭ್ರಮೆಯೇ, ಆದರೆ ಎಲ್ಲರಿಗೂ ಒಂದೇ ರೀತಿ ಆಗುವ ಭ್ರಮೆ. ಇದಿಲ್ಲದಿದ್ದರೆ ಟ್ರಾನ್ಸಿಸ್ಟರ್ ಕಾಲದಲ್ಲಿ ಬೇಸ್ ಗಿಟಾರಿಗೆ ಹಳ್ಳಿಯಲ್ಲಿ ಒಬ್ಬ ಕೇಳುಗನೂ ಸಿಗುತ್ತಿರಲಿಲ್ಲ.

ಇಳಯರಾಜಾ ಹೆಸರು ಬಂದದ್ದು ಸುಮ್ಮನೆ ಅಲ್ಲ. 1943ರಲ್ಲಿ ಅವರು ಹುಟ್ಟಿದ ಪಣ್ಣೈಪುರಂ ಇದೇ ಕಂಬಂ ಕಣಿವೆಯ ಊರು. ಪಶ್ಚಿಮಘಟ್ಟದ ಬುಡದ ಈ ಸೀಮೆಯಲ್ಲಿ ತಮಿಳಿನ ಜತೆ ತೆಲುಗು, ಮಲಯಾಳ ಕೇಳಿಸುತ್ತವೆ. ಮನೆಯೊಳಗೆ ಕನ್ನಡ ಆಡುವ ಒಕ್ಕಲಿಗರು, ಕಾಪ್ಪಿಲಿಯರ್ ಕುಟುಂಬಗಳು ತಲೆಮಾರುಗಳಿಂದ ಇಲ್ಲಿವೆ. ಅಣ್ಣ ಪಾವಲರ್ ವರದರಾಜನ್ ಕಮ್ಯುನಿಸ್ಟ್ ಪಕ್ಷದ ವೇದಿಕೆಗಳಲ್ಲಿ ಹಾಡುವವರು. ಜನಕ್ಕೆ ಗೊತ್ತಿದ್ದ ಧಾಟಿಗೆ ಆ ಊರಿನ, ಆ ಹೊತ್ತಿನ ಮಾತು ಹೊಸೆದು ಹಾಡುವುದು ಅವರ ಕಸುಬು. 1958ರಲ್ಲಿ ಘಟ್ಟದ ಮೇಲಿನ ದೇವಿಕುಲಂ ಉಪಚುನಾವಣೆಯ ಪ್ರಚಾರಕ್ಕೂ ಹೋಗಿದ್ದರು. ತಮ್ಮ ಹಾರ್ಮೋನಿಯಂ ಹಿಡಿದು ಆ ತಂಡದಲ್ಲಿ ಬೆಳೆದ. ಮುಂದೆ ಮದ್ರಾಸು, ಧನರಾಜ್ ಮಾಸ್ಟರ ಬಳಿ ಪಾಶ್ಚಾತ್ಯ ಸಂಗೀತ, ಗಿಟಾರು. ಅನಂತರ ಜಿ.ಕೆ. ವೆಂಕಟೇಶ್ ಅವರ ಸಹಾಯಕ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ'ಗಳ ವೆಂಕಟೇಶ್! 1976ರಲ್ಲಿ 'ಅನ್ನಕ್ಕಿಳಿ' ಬರುವ ಮೊದಲು ಈ ಕಣಿವೆಯ ಗಿಟಾರ್ ವಾದಕ ಕೂತ ಧ್ವನಿಮುದ್ರಣಗಳಲ್ಲಿ ಬಹಳಷ್ಟು ಕನ್ನಡದವೇ. ನಮ್ಮಲ್ಲಿ ಅವರನ್ನು 'ಗೀತಾ' ಚಿತ್ರದ ಮೂಲಕ ಬಂದ ಹೊರಗಿನವರೆಂದು ನೆನೆಯುವುದುಂಟು. ಹಾಗಲ್ಲ, ನಮ್ಮ ಹಾಡುಗಳ ಹಿಂದೆಯೇ ಕೆಲಸ ಕಲಿತವರು.

ಶಂಕರ್‌ನಾಗ್ ಅವರ 'ಗೀತಾ' 1981ರದ್ದು, ಮಣಿರತ್ನಂ ಅವರ 'ಪಲ್ಲವಿ ಅನುಪಲ್ಲವಿ' 1983ರದ್ದು. ಎರಡನೆಯದರ ಯುಗಳಗೀತೆಯ ಧಾಟಿ ಮುಂದೆ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ದೇಶವಿಡೀ ಸುತ್ತಿತು. ಆ ಹಾಡನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ, ಎಸ್‌ಪಿಬಿಯವರನ್ನೂ ಜಾನಕಿಯವರನ್ನೂ ಬಿಟ್ಟು ಬೇಸ್ ಹಿಡಿಯಿರಿ. ಇಳಯರಾಜಾ ಅವರಲ್ಲಿ ಬೇಸ್ ಎಂದರೆ ತಂಬೂರಿಯ ಹಾಗೆ ಆಧಾರಷಡ್ಜ ಹಿಡಿದು ಕೂತಿರುವುದಲ್ಲ. ಹಾಡಿನ ಕೆಳಗೆ ಇನ್ನೊಂದು ಹಾಡು ನಡೆಯುತ್ತದೆ. ಬಹುಕಾಲ ಅವರ ಬೇಸ್ ಗಿಟಾರ್ ನುಡಿಸಿದವರು ಶಶಿಧರನ್. ಗಿಟಾರಿನಲ್ಲಿ ಸದಾನಂದಂ, ಚಂದ್ರಶೇಖರ್. ಬೇಸ್‌ನವನೂ ಗಿಟಾರಿನವನೂ ಎದುರುಬದುರು ಕೂತು ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತಿದ್ದಾರೆ ಅನ್ನಿಸುವಷ್ಟು ಸಲೀಸು. ನಿಜ ಏನೆಂದರೆ ಎಲ್ಲವೂ ಬರೆದದ್ದು. ಪ್ರತಿ ಸ್ವರವೂ ಹಾಳೆಯ ಮೇಲೆ, ಒಬ್ಬನೇ ಮನುಷ್ಯನ ಕೈಬರಹದಲ್ಲಿ. ಬಾಖ್ ಬರೆದಂತೆ ಮೇಲಿನ ಸಾಲೂ ಕೆಳಗಿನ ಸಾಲೂ ಬೇರೆ ಬೇರೆ ನಡೆದು ಗಳಿಗೆಗಳಿಗೆಗೆ ಸಂಧಿಸುವ ಕ್ರಮ ಅದು. 1986ರ 'ಹೌ ಟು ನೇಮ್ ಇಟ್' ತಟ್ಟೆಯನ್ನು ಅವರು ತ್ಯಾಗರಾಜರಿಗೂ ಬಾಖ್‌ಗೂ ಅರ್ಪಿಸಿದ್ದು ಹಾಗಾಗಿಯೇ. ಸಂಭಾಷಣೆಯಂತೆ ಕೇಳಿಸುವ ಇದರಲ್ಲಿ ಎರಡು ತಲೆಗಳ ಸಮಸ್ಯೆಯೇ ಇಲ್ಲ. ಎರಡೂ ಪಾತ್ರ ಒಂದೇ ತಲೆಯಲ್ಲಿ ಹುಟ್ಟಿವೆ.

ಹಾಲ್ ಮತ್ತು ಕಾರ್ಟರ್ ಅವರದು ಎರಡು ತಲೆ. ಅಲ್ಲಿಗೆ ಹೋಗುವ ಮೊದಲು ಕಿವಿಯೊಳಗೆ ಒಂದು ಸುತ್ತು.

ಒಳಗಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕೊಳವೆ. ಬಿಚ್ಚಿ ನೇರ ಮಾಡಿದರೆ ಸುಮಾರು 35 ಮಿಲಿಮೀಟರ್. ಅದರೊಳಗಿನ ಪೊರೆಯ ಬಾಗಿಲಕಡೆಯ ತುದಿ ತಾರದ ಸ್ವರಗಳಿಗೆ ಅಲುಗುತ್ತದೆ, ಒಳತುದಿ ಮಂದ್ರಕ್ಕೆ. ಸದ್ದು ಒಳಬಂದಾಗ ಪೊರೆಯ ಮೇಲೆ ಅಲೆಯೊಂದು ಬಾಗಿಲಿನಿಂದ ಒಳತುದಿಯ ಕಡೆಗೆ ಓಡುತ್ತದೆ. ಇದನ್ನು ಕಂಡುಹಿಡಿದ ಹಂಗೆರಿಯ ಗಿಯಾರ್ಗ್ ಫಾನ್ ಬೇಕೇಶಿಗೆ 1961ರ ನೊಬೆಲ್ ಬಂತು. ಇದರ ಪರಿಣಾಮ ವಿಚಿತ್ರ. ಮಂದ್ರದ ಅಲೆ ತನ್ನ ಜಾಗ ಸೇರಬೇಕಾದರೆ ತಾರದ ಜಾಗವನ್ನು ಹಾದೇ ಹೋಗಬೇಕು, ಹೋಗುವಾಗ ಅಲ್ಲೂ ಅಲುಗಿಸುತ್ತದೆ. ತಾರದ ಅಲೆ ಬಾಗಿಲಲ್ಲೇ ಮುಗಿಯುತ್ತದೆ, ಮಂದ್ರದವನ ಮನೆಗೆ ಕಾಲಿಡುವುದೇ ಇಲ್ಲ. ಹಾಗಾಗಿ ಕೆಳಗಿನ ಸ್ವರ ಮೇಲಿನದನ್ನು ಮುಸುಕಬಲ್ಲದು, ಮೇಲಿನದು ಕೆಳಗಿನದನ್ನು ಅಷ್ಟಾಗಿ ಮುಸುಕಲಾರದು.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಲಾರೆಲ್ ಟ್ರೇನರ್ ಗುಂಪಿನಲ್ಲಿ ಮೈಕೆಲ್ ಹೋವ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ಅರ್ಧ ಸೆಕೆಂಡಿಗೊಮ್ಮೆ ಒಂದು ಎತ್ತರದ, ಒಂದು ತಗ್ಗಿನ ಪಿಯಾನೋ ಸ್ವರ ಒಟ್ಟಿಗೆ ಕೇಳಿಸುತ್ತವೆ. ನಡುನಡುವೆ ಎರಡರಲ್ಲಿ ಒಂದು 50 ಮಿಲಿಸೆಕೆಂಡ್ ಬೇಗ ಬರುತ್ತದೆ. ಕೇಳುವವನ ತಲೆಗೆ ಇಇಜಿ ತಂತಿಗಳು. ಅವನು ಗಮನ ಕೊಟ್ಟು ಕೇಳಬೇಕೆಂದೂ ಇಲ್ಲ. ನಿರೀಕ್ಷೆ ತಪ್ಪಿದಾಗ ಮಿದುಳಿನಲ್ಲಿ ಏಳುವ ಸಣ್ಣ ವಿದ್ಯುತ್ ಅಲೆ, ತಗ್ಗಿನ ಸ್ವರ ಅವಸರ ಮಾಡಿದಾಗ ಜೋರಾಗಿ ಎದ್ದಿತು, ಎತ್ತರದ್ದು ಅವಸರ ಮಾಡಿದಾಗ ಮೆತ್ತಗೆ. ಬೆರಳಿನಿಂದ ತಾಳ ಹಾಕಲು ಹೇಳಿದಾಗಲೂ ಅಷ್ಟೇ: ತಗ್ಗಿನದು ತಪ್ಪಿದರೆ ಬೆರಳು ತನ್ನನ್ನು ತಾನೇ ಹೆಚ್ಚು ತಿದ್ದಿಕೊಳ್ಳುತ್ತಿತ್ತು. ಅದೇ ಸದ್ದುಗಳನ್ನು ಕಾಕ್ಲಿಯಾದ ಗಣಿತದ ಮಾದರಿಯಲ್ಲಿ ಹಾಯಿಸಿ ನೋಡಿದರೆ ಪಕ್ಷಪಾತ ಅಲ್ಲಿಂದಲೇ ಶುರುವಾಗುವಂತೆ ಕಂಡಿತು. ಅದೇ ಪ್ರಯೋಗಾಲಯದ ಬೇರೆ ಕೆಲಸಗಳಲ್ಲಿ ಶ್ರುತಿ ತಪ್ಪಿದ್ದನ್ನು ಹಿಡಿಯುವಾಗ ಕಿವಿ ಮೇಲಿನ ಸ್ವರದ ಕಡೆಗಿರುತ್ತದೆ. ರಾಗಕ್ಕೆ ಮೇಲಿನದು, ಕಾಲಕ್ಕೆ ಕೆಳಗಿನದು ಎಂದು ಹಂಚಿಕೆ ಮಾಡಿದ್ದು ಯಾವ ಶಾಸ್ತ್ರಕಾರನೂ ಅಲ್ಲ.

ನೈಯಾಂಡಿ ಮೇಳಕ್ಕೆ ಇದನ್ನು ಹಚ್ಚಿ ನೋಡಿ. ನಾಗಸ್ವರದ ಚೂಪು ಮೇಲೆ. ತವಿಲ್‌ನ ಬಲಮುಖಕ್ಕೆ ಗಟ್ಟಿ ಕುಪ್ಪಿ ತೊಟ್ಟ ಬೆರಳು, ಎಡಮುಖಕ್ಕೆ ಮೋಟು ಕೋಲು; ಎಡದ ಗುಮುಕು ತಪ್ಪಿದರೆ ಕರಗ ಹೊತ್ತವರ ಕಾಲು ತಪ್ಪುತ್ತದೆ, ಬಲದ್ದು ತಪ್ಪಿದರೆ ಗೊತ್ತಾಗುವುದು ಇನ್ನೊಬ್ಬ ತವಿಲ್‌ನವನಿಗೆ. ದಿಂಡಿಗಲ್, ತೇನಿ ಕಡೆಯ ಉರುಮಿ ಇನ್ನೂ ಮುಂದೆ ಹೋಗುತ್ತದೆ. ಒಂದು ಮುಖಕ್ಕೆ ಬಡಿತ, ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜಿ ಗುರುಗುಡಿಸುತ್ತಾರೆ. ತುಮಕೂರು, ಚಿತ್ರದುರ್ಗ ಸೀಮೆಯ ನಮ್ಮ ಉರುಮೆಯದೂ ಇದೇ ಜಾಯಮಾನ. ಉಜ್ಜಿದ ಸ್ವರ ಜಾರಿ ಇಳಿಯುವಾಗ ಮೈ ತಾನಾಗಿ ಬಾಗುತ್ತದೆ ಎನ್ನುವುದು ಬರಿಯ ಭಕ್ತಿಯ ಮಾತಲ್ಲ. 2022ರಲ್ಲಿ ಅದೇ ಮ್ಯಾಕ್‌ಮಾಸ್ಟರಿನವರು ಒಂದು ನಿಜವಾದ ಎಲೆಕ್ಟ್ರಾನಿಕ್ ಸಂಗೀತ ಕಛೇರಿಯಲ್ಲಿ 8ರಿಂದ 37 ಹರ್ಟ್ಸ್‌ನ ಅತಿ ಮಂದ್ರ ಸ್ಪೀಕರುಗಳನ್ನು ಎರಡೂವರೆ ನಿಮಿಷಕ್ಕೊಮ್ಮೆ ಹಾಕಿ ಆರಿಸಿ ನೋಡಿದರು. ಅದು ಕೇಳಿಸುವ ಮಟ್ಟಕ್ಕಿಂತ ಕೆಳಗೇ ಇತ್ತು, ಯಾರಿಗೂ ಗೊತ್ತಾಗಲಿಲ್ಲ. ಹಾಕಿದ್ದಾಗ ಕುಣಿಯುವವರ ಚಲನೆ ಮಾತ್ರ ಸರಾಸರಿ ಶೇಕಡ 11.8 ಹೆಚ್ಚಿತ್ತು.

ಈಗ ಎರಡು ತಲೆಗಳ ವಿಷಯ. ಇಬ್ಬರು ಕೂಡಿ ತಾಳ ಹಾಕುವಾಗ ಪ್ರತಿಯೊಬ್ಬನೊಳಗೂ ಒಂದು ಗಡಿಯಾರ ಇರುತ್ತದೆ ಎಂದುಕೊಂಡರೆ ಲೆಕ್ಕ ಸುಲಭವಾಗುತ್ತದೆ. ನನ್ನ ಏಟು ನಿನ್ನದಕ್ಕಿಂತ 40 ಮಿಲಿಸೆಕೆಂಡ್ ಮುಂದೆ ಬಿತ್ತು. ಮುಂದಿನ ಏಟಿನಲ್ಲಿ ನಾನು ಪೂರ್ತಿ 40 ಹಿಂದೆ ಸರಿದರೆ, ನೀನೂ ಅಷ್ಟೇ ಮುಂದೆ ಬಂದರೆ ತಪ್ಪು ತಿರುಗುಮುರುಗಾಗಿ ಹಾಗೇ ಉಳಿಯುತ್ತದೆ. ನೊಗದ ಎರಡೂ ಎತ್ತು ಒಮ್ಮೆಗೇ ಒಂದರ ಹೆಜ್ಜೆಗೆ ಇನ್ನೊಂದು ಪೂರ್ತಿ ಬಗ್ಗಿದರೆ ನೇಗಿಲು ಸೊಟ್ಟ. ನುರಿತವರು ತಪ್ಪಿನ ಒಂದು ಪಾಲನ್ನಷ್ಟೇ ತಿದ್ದಿಕೊಳ್ಳುತ್ತಾರೆ, ಉಳಿದದ್ದನ್ನು ಎದುರಿನವನಿಗೆ ಬಿಡುತ್ತಾರೆ. ಆ ಪಾಲು ಯಾರದ್ದೆಷ್ಟು ಎಂಬುದರಲ್ಲಿ ಇಬ್ಬರ ಸಂಬಂಧವೇ ಬಯಲಾಗುತ್ತದೆ. ಬರ್ಮಿಂಗ್‌ಹ್ಯಾಮಿನ ಅಲನ್ ವಿಂಗ್ ಮತ್ತು ಜತೆಗಾರರು 2014ರಲ್ಲಿ ನಾಲ್ವರ ಎರಡು ತಂತಿವಾದ್ಯ ತಂಡಗಳನ್ನು ಹೀಗೆ ಅಳೆದರು. ಒಂದು ತಂಡದಲ್ಲಿ ಎಲ್ಲರೂ ಎಲ್ಲರಿಗೂ ಸರಿಸುಮಾರು ಸಮವಾಗಿ ಬಗ್ಗುತ್ತಿದ್ದರು. ಇನ್ನೊಂದರಲ್ಲಿ ಮೂವರು ಮೊದಲ ಪಿಟೀಲಿಗೆ ಬಗ್ಗುತ್ತಿದ್ದರು, ಆಕೆ ಯಾರಿಗೂ ಹೆಚ್ಚು ಬಗ್ಗುತ್ತಿರಲಿಲ್ಲ. ಎರಡೂ ಒಳ್ಳೆಯ ತಂಡಗಳೇ.

ಬೇಸ್ ಮತ್ತು ಗಿಟಾರಿನ ಜೋಡಿಯಲ್ಲಿ ಕಿವಿ ಮೊದಲೇ ತೀರ್ಪು ಕೊಟ್ಟಾಗಿದೆ: ಮಂದ್ರದವನಿಗೆ ಬಗ್ಗುವುದು ಸುಲಭ. ಅದರ ಮೇಲೆ ಜಾಝ್ ಬೇಸ್ ಇನ್ನೊಂದು ಉಪಕಾರ ಮಾಡುತ್ತದೆ. 'ವಾಕಿಂಗ್' ಎಂದು ಕರೆಯುವ ಶೈಲಿಯಲ್ಲಿ ಪ್ರತಿ ಮಾತ್ರೆಗೂ ಒಂದು ಸ್ವರ, ಬಾರಿಗೆ ನಾಲ್ಕು. ಹೊಸ ಸ್ವರಮೇಳ ಬರುವ ಜಾಗದಲ್ಲಿ ಅದರ ಮೂಲಸ್ವರ, ಅದಕ್ಕೆ ಮುಂಚಿನ ಮಾತ್ರೆಯಲ್ಲಿ ಬಹಳ ಸಲ ಅದರ ಅರ್ಧ ಮೆಟ್ಟಿಲು ಮೇಲಿನ ಅಥವಾ ಕೆಳಗಿನ ಸ್ವರ. ನಿಮಿಷಕ್ಕೆ 120ರ ವೇಗದಲ್ಲಿ ಒಂದು ಮಾತ್ರೆ 500 ಮಿಲಿಸೆಕೆಂಡ್. ಅಂದರೆ ಬೇಸ್ ತಾನು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಅರ್ಧ ಸೆಕೆಂಡ್ ಮೊದಲೇ ಹೇಳಿಬಿಡುತ್ತದೆ; 150 ಮಿಲಿಸೆಕೆಂಡ್ ಬೇಡುವ ಕೈಗೆ ಇದು ಧಾರಾಳ. ಆರಂಭದ ಪ್ರಶ್ನೆಗೆ ದೊಡ್ಡ ಪಾಲು ಉತ್ತರ ಇಲ್ಲಿದೆ. ಊಹೆ ಸಾಧ್ಯವಾಗುವುದು ಒಬ್ಬ ಮತ್ತೊಬ್ಬನ ಮನಸ್ಸು ಓದುವುದರಿಂದಲ್ಲ, ಮುಂದೆ ಬರುವುದರ ಸುಳಿವನ್ನು ಸಂಗೀತದೊಳಗೇ ಇಡುವುದರಿಂದ. ಕಾರ್ಟರ್ ಕೆಲವೊಮ್ಮೆ ಬೇಕೆಂದೇ ಸುಳಿವು ಕೊಟ್ಟು ಬೇರೆಡೆಗೆ ಹೋಗುತ್ತಾರೆ. ಆಗ ಹಾಲ್ ಏನು ಮಾಡುತ್ತಾರೆ? ಸುಮ್ಮನಾಗುತ್ತಾರೆ, ಒಂದೆರಡು ಮಾತ್ರೆ. ಆ ತಟ್ಟೆಯಲ್ಲಿ ನನಗೆ ಅತಿ ಇಷ್ಟದ ಜಾಗಗಳೇ ಅವು.

ಗಿಟಾರಿನವನಿಗೆ ಒಂದು ಸಣ್ಣ ಬಂಡಾಯವೂ ಉಂಟು. ಜಾಝ್‌ನ 'ಸ್ವಿಂಗ್' ಎಂದರೇನು ಎಂದು ದಶಕಗಳಿಂದ ಜಗಳ. ಜರ್ಮನಿಯ ಗ್ಯೋಟಿಂಗನ್ನಿನ ಭೌತವಿಜ್ಞಾನಿಗಳು, ಥಿಯೋ ಗೈಸೆಲ್ ಗುಂಪಿನವರು, 2022ರಲ್ಲಿ ಒಂದು ಉತ್ತರ ಮುಂದಿಟ್ಟರು. ಮೇಳದ ಬೇಸ್-ಡ್ರಮ್ಮಿಗೆ ಹೋಲಿಸಿದರೆ ಸೋಲೋ ನುಡಿಸುವವರು ಮಾತ್ರೆಯ ಮೇಲಿನ ಸ್ವರವನ್ನು ಸುಮಾರು 30 ಮಿಲಿಸೆಕೆಂಡ್ ತಡವಾಗಿ ಇಡುತ್ತಾರೆ, ಆದರೆ ಮಾತ್ರೆಗಳ ನಡುವಿನ ಸ್ವರವನ್ನು ಸರಿಯಾದ ಹೊತ್ತಿಗೇ ಇಡುತ್ತಾರೆ. ಅಂಥ ತಡವನ್ನು ಕಂಪ್ಯೂಟರಿನಲ್ಲಿ ಕೂಡಿಸಿ ವೃತ್ತಿಪರ ವಾದಕರಿಗೆ ಕೇಳಿಸಿದಾಗ ಅವರು ಅದನ್ನೇ ಹೆಚ್ಚು 'ಸ್ವಿಂಗ್' ಎಂದರು. ಏಕೆ ಎಂದು ಮಾತ್ರ ಅವರಿಗೆ ಹೇಳಲು ಬರಲಿಲ್ಲ. ಕಾಲಪ್ರಮಾಣ ಗಟ್ಟಿಯಿದ್ದ ಕಡೆ ಮಾತ್ರ ಈ ತಡ ಸೊಗಸು. ಕೆಳಗಿನವನೂ ಜಾರಿದರೆ ಅದು ಬರೀ ಲಯ ತಪ್ಪಿದ್ದು.

ಮಿದುಳಿನ ಚಿತ್ರಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವುದನ್ನು ಸ್ವಲ್ಪ ಹುಷಾರಾಗಿ ಓದಬೇಕು. ಚಾರ್ಲ್ಸ್ ಲಿಂಬ್ ಮತ್ತು ಅಲನ್ ಬ್ರೌನ್ 2008ರಲ್ಲಿ ಆರು ಮಂದಿ ಜಾಝ್ ಪಿಯಾನೋ ವಾದಕರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಕಬ್ಬಿಣವಿಲ್ಲದ 35 ಕೀಲಿಯ ಮಣೆ ಕೊಟ್ಟರು. ಕಲಿತದ್ದನ್ನು ಒಪ್ಪಿಸುವಾಗಿನದಕ್ಕಿಂತ ಮನಸ್ಸಿಗೆ ಬಂದಂತೆ ನುಡಿಸುವಾಗ ಹಣೆಯ ಹಿಂದಿನ ಪಾರ್ಶ್ವಭಾಗ, ನಮ್ಮನ್ನು ನಾವೇ ತನಿಖೆ ಮಾಡಿಕೊಳ್ಳುವ ಜಾಗ, ತಣ್ಣಗಾಯಿತು, ನಡುಭಾಗ ಚುರುಕಾಯಿತು. ಲಿಂಬ್ ಅವರದೇ ಗುಂಪು 2014ರಲ್ಲಿ ಇಬ್ಬರು ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ಸವಾಲ್-ಜವಾಬ್ ನುಡಿಸುವುದನ್ನು ನೋಡಿತು. ಮಾತಿನ ವಾಕ್ಯರಚನೆಗೆ ಸಂಬಂಧಪಟ್ಟ ಭಾಗಗಳು ಕೆಲಸ ಮಾಡಿದವು, ಅರ್ಥಕ್ಕೆ ಸಂಬಂಧಪಟ್ಟ ಒಂದು ಭಾಗ ತೆಪ್ಪಗಾಯಿತು. ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಉಲ್ಮನ್ ಲಿಂಡೆನ್‌ಬರ್ಗರ್ ಮತ್ತು ವಿಕ್ಟರ್ ಮ್ಯೂಲರ್ 2009ರಲ್ಲಿ ಎಂಟು ಜೋಡಿ ಗಿಟಾರ್ ವಾದಕರ ತಲೆಗೆ ಒಟ್ಟಿಗೆ ಇಇಜಿ ಹಾಕಿ, ಇಬ್ಬರ ಮಿದುಳಿನ ನಿಧಾನದ ಅಲೆಗಳು ಒಂದೇ ಹಂತಕ್ಕೆ ಬೀಳುವುದನ್ನು ತೋರಿಸಿದರು. 'ಎರಡು ಮಿದುಳು ಒಂದಾದವು' ಎಂದು ತಲೆಬರಹ ಬರೆಯುವುದಕ್ಕೆ ಇದಕ್ಕಿಂತ ಏನು ಬೇಕು? ಲೇಖಕರೇ ಎಚ್ಚರಿಸಿದ್ದರು: ಒಂದೇ ಸದ್ದು ಕೇಳಿ ಒಂದೇ ಕೈಚಲನೆ ಮಾಡುವ ಇಬ್ಬರಲ್ಲಿ ಅಲೆ ಹೊಂದುವುದು ಸಹಜವೇ. 2013ರಲ್ಲಿ ಅದೇ ಗುಂಪು ಬರೆಯದ ಸಂಗೀತಕ್ಕೆ ಬಂದಾಗ, ಒಬ್ಬ ನುಡಿಸಿ ಇನ್ನೊಬ್ಬ ಬರೀ ಕೇಳುತ್ತಿದ್ದಾಗಲೂ ಹೊಂದಾಣಿಕೆ ಕಂಡಿತು. ಕೈಚಲನೆಯೊಂದೇ ಕಾರಣವಾಗಿರಲಾರದು ಎನ್ನಲು ಅಷ್ಟು ಆಧಾರ ಸಿಕ್ಕಿತು. ಆದರೆ ಒಂದು ಕೊರತೆ ನನ್ನನ್ನು ಕಾಡುತ್ತದೆ. ಎರಡೂ ಕಡೆ ಗಿಟಾರ್. ಒಬ್ಬನಿಗೆ ಬೇಸ್ ಕೊಟ್ಟು, ಯಾರ ಅಲೆ ಯಾರದನ್ನು ಹಿಂಬಾಲಿಸುತ್ತದೆ ಎಂದು ನೋಡಬೇಕಿತ್ತು.

ಬೇಸ್ ಇಲ್ಲದ ಜಾಝ್‌ಗೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಬೆಂಗಳೂರಲ್ಲೇ ಇದೆ. ಟಿ.ಎ.ಎಸ್. ಮಣಿಯವರು 1964ರಲ್ಲಿ ಶುರು ಮಾಡಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರ ಜತೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ನುಡಿಸಿದ 'ಜ್ಯೋತಿ' 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಯಿಂದ ಬಂತು. ಮರಿಯಾನೋ ಅದಕ್ಕೂ ಮೊದಲೇ ನಾಗಸ್ವರ ಕಲಿತು ತನ್ನ ತಟ್ಟೆಗಳಲ್ಲಿ ಊದಿದವರು. ಉಸಿರಿನ ವಾದ್ಯಕ್ಕೂ ಚರ್ಮದ ವಾದ್ಯಕ್ಕೂ ನಡುವೆ ಕಾಲ ಹೇಗೆ ಹಂಚಿಹೋಗುತ್ತದೆ ಎಂಬುದು ಅವರಿಗೆ ಹೊಸತಾಗಿರಲಿಲ್ಲ. 'ಜ್ಯೋತಿ'ಯಲ್ಲಿ ಆರ್.ಎ. ರಮಾಮಣಿಯವರ ಕಂಠ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ, ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಬೇಸ್ ವಾದಕ ಇಲ್ಲ. ಮೃದಂಗದ ಎಡಮುಖದ ರವೆಹಿಟ್ಟು ಆ ಹೊಣೆ ಹೊತ್ತಿದೆ. ಹಿಟ್ಟಿನ ತೂಕ ಚರ್ಮದ ಕಂಪನವನ್ನು ಇಳಿಸುತ್ತದೆ; ಬೇಸ್ ತಂತಿಗೆ ಸುತ್ತಿದ ಲೋಹದ ಕೆಲಸವೂ ಇದೇ.

ಇನ್ನು ದೂರದ ಪ್ರಶ್ನೆ. ಮೂವತ್ತು ಡಿಗ್ರಿ ಬಿಸಿಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 349 ಮೀಟರ್ ಹೋಗುತ್ತದೆ, ಮೀಟರಿಗೆ ಹತ್ತಿರಹತ್ತಿರ 3 ಮಿಲಿಸೆಕೆಂಡ್. ಮೇಳದವರು ಗುಂಪುಗೂಡಿ, ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವುದರ ಹಿಂದಿನ ಲೆಕ್ಕ ಇದು; 30 ಮೀಟರಿನ ಮೆರವಣಿಗೆಯ ಎರಡು ತುದಿಗೆ ಹಂಚಿದರೆ 86 ಮಿಲಿಸೆಕೆಂಡ್ ಹೋಯಿತು. ಸ್ಟ್ಯಾನ್‌ಫರ್ಡ್‌ನ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ನಡುವಿನ ತಡವನ್ನು ಬದಲಾಯಿಸುತ್ತ ಚಪ್ಪಾಳೆ ತಟ್ಟಿಸಿ 2010ರಲ್ಲಿ ಬರೆದರು: ತಡ ಹತ್ತು ಹದಿನೈದು ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಇಬ್ಬರೂ ಓಡತೊಡಗುತ್ತಾರೆ, ಅದಕ್ಕಿಂತ ಹೆಚ್ಚಾದರೆ ಕಾಲ ಎಳೆಯುತ್ತ ಹೋಗುತ್ತದೆ. ಒಂದಿಷ್ಟೂ ತಡ ಇಲ್ಲದಿರುವುದು ಒಳ್ಳೆಯದಲ್ಲ ಎಂಬುದು ಇದರಲ್ಲಿನ ಅಚ್ಚರಿ. ಮೂರು ನಾಲ್ಕು ಮೀಟರಿನ ವೇದಿಕೆ, ನಮಗೆ ತಿಳಿಯದೆಯೇ, ಸರಿಯಾದ ಅಳತೆ.

ಪೆರಿಯಕುಳಂನ ಬೇಸ್‌ನವನು ಬೆಂಗಳೂರಿನ ಗಿಟಾರಿನವನ ಜತೆ ಇಂಟರ್‌ನೆಟ್ಟಿನಲ್ಲಿ ನುಡಿಸಬಹುದೇ? ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಐನೂರು ಕಿಲೋಮೀಟರ್ ಕೇಬಲ್ ಎಂದುಕೊಂಡರೂ ಎರಡೂವರೆ ಮಿಲಿಸೆಕೆಂಡ್. ಭೌತವಿಜ್ಞಾನದ ಆಕ್ಷೇಪಣೆ ಇಲ್ಲ. ಸದ್ದನ್ನು ತುಂಡು ಮಾಡಿ, ಕುಗ್ಗಿಸಿ, ಸರದಿಯಲ್ಲಿ ನಿಲ್ಲಿಸಿ ಕಳಿಸುವ ಯಂತ್ರಗಳು ಮಾತ್ರ ಸಾಮಾನ್ಯ ವಿಡಿಯೋ ಕರೆಯನ್ನು ನೂರು ಮಿಲಿಸೆಕೆಂಡಿನ ಆಚೆಗೆ ತಳ್ಳುತ್ತವೆ. ಕೊರೊನಾ ಕಾಲದಲ್ಲಿ ಮನೆಯಿಂದ ಪಾಠ ಹೇಳಿದ ಸಂಗೀತದ ಮೇಷ್ಟ್ರುಗಳಿಗೆಲ್ಲ ಇದು ಗೊತ್ತು. ಶಿಷ್ಯನ ತಾಳಕ್ಕೆ ಗುರು ಬಗ್ಗುತ್ತಾನೆ, ಗುರುವಿನ ತಾಳಕ್ಕೆ ಶಿಷ್ಯ ಬಗ್ಗುತ್ತಾನೆ, ಚೌಕಕಾಲ ಇನ್ನೂ ಚೌಕವಾಗುತ್ತದೆ. ಇದಕ್ಕೆ ಒಂದು ಉಪಾಯ, ಮಂದ್ರದವನು ಎದುರಿನವನಿಗೆ ಕಿವಿ ಮುಚ್ಚಿ ತನ್ನ ಕಾಲದಲ್ಲೇ ನಡೆಯುವುದು. ಗಿಟಾರಿನವನು ಅವನಿಗೆ ಹೊಂದಿಕೊಳ್ಳುತ್ತಾನೆ. ಗಿಟಾರಿನ ಕಡೆ ಕೂತ ಕೇಳುಗರಿಗೆ ಎಲ್ಲ ಸರಿ, ಬೇಸ್‌ನ ಕಡೆಯವರಿಗೆ ಗಿಟಾರ್ ತಡ. 2005ರಲ್ಲಿ ಬಂದ ನಿಂಜ್ಯಾಮ್ ಎಂಬ ತಂತ್ರಾಂಶ ಇನ್ನೂ ಧೈರ್ಯ ಮಾಡಿತು. ತಡವನ್ನು ಕಡಿಮೆ ಮಾಡುವ ಬದಲು ಅದನ್ನು ಒಂದು ಪೂರ್ತಿ ಆವರ್ತಕ್ಕೆ ಹಿಗ್ಗಿಸಿ, ಪ್ರತಿಯೊಬ್ಬನಿಗೂ ಇನ್ನೊಬ್ಬನ ಹಿಂದಿನ ಆವರ್ತವನ್ನು ಕೇಳಿಸುತ್ತದೆ. ಹನ್ನೆರಡು ಬಾರಿನ ಬ್ಲೂಸ್‌ಗೆ ಸಾಕು, ಆದಿತಾಳದ ಕಲ್ಪನಾಸ್ವರಕ್ಕೂ ಒಂದು ಮಟ್ಟಿಗೆ ಸಾಕು. ಆಲಾಪನೆಗೆ ಬರುವುದಿಲ್ಲ, ಅಲ್ಲಿ ಹಿಗ್ಗಿಸುವುದಕ್ಕೆ ಆವರ್ತವೇ ಇರುವುದಿಲ್ಲ.